ಖಾಲಿ ಕರಡಿಗೆ

ಹೇಳಿಕೊಳ್ಳುವಂಥ ಹೆದರಿಕೆ ನನ್ನ ಹತ್ತಿರ ಒಂದೂ ಇಲ್ಲ ಎಂಬ ಕೊರಗು ನನಗೆ ಬಹಳ ವರ್ಷ ಇತ್ತು. ನಗಬೇಡಿ. ಹೆಣ್ಣುಮಕ್ಕಳು ಹೋಳಿಗೆಯ ಕಣಕ ನಾದುತ್ತ ಕುಳಿತಾಗ ಮಾತು ಮೊದಲು ಸೊಸೆಯರ ಮೇಲೆ ಹೋಗುತ್ತದೆ, ಆಮೇಲೆ ಮೊಣಕಾಲು ನೋವಿನ ಮೇಲೆ, ಕೊನೆಗೆ ತಪ್ಪದೆ ಈ ದಾರಿಗೆ ಬಂದು ನಿಲ್ಲುತ್ತದೆ: ಯಾರು ಯಾವಾಗ ಎಷ್ಟು ಹೆದರಿದ್ದರು. ಆಗ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಇರುತ್ತದೆ. ನಾನು ಮಾತ್ರ ಹೂರಣ ನೋಡುವ ನೆಪದಲ್ಲಿ ಎದ್ದು ಒಲೆಯ ಕಡೆ ಹೋಗುತ್ತಿದ್ದೆ.

ಗೋಕಾಕದಲ್ಲಿರುವ ನನ್ನ ನಾದಿನಿ ಮಹಾದೇವಿಯ ಹತ್ತಿರ ಇರುವುದು ಹೊಳೆಯ ಹೆದರಿಕೆ. ಹಿಡಕಲ್ ಡ್ಯಾಮಿನ ಬಾಗಿಲು ತೆಗೆದಾಗ ಘಟಪ್ರಭೆ ಅವರ ಓಣಿಗೆ ಬಂತು. ಅವಳು ಮಾಳಿಗೆ ಹತ್ತುವಾಗ ಮನೆಯ ಕಾಗದಪತ್ರ ಬಿಟ್ಟು ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಹತ್ತಿದ್ದಳು. ಮೊದಲ ಸಲ ಹೇಳಿದಾಗ ನೀರು ಮೊಣಕಾಲಿಗೆ ಇತ್ತು. ಮರುವರ್ಷ ಸೊಂಟಕ್ಕೆ ಬಂತು. ಈಗ ಕೊರಳಿಗೆ ಬಂದಿದೆ. ಹೊಳೆಯ ನೀರು ಎಂದೋ ಇಳಿಯಿತು, ಅವಳ ಕಥೆಯಲ್ಲಿ ಮಾತ್ರ ಏರುತ್ತಲೇ ಇದೆ. ಹುಕ್ಕೇರಿಯ ನನ್ನ ತವರಿನಲ್ಲಿ ಅಣ್ಣನ ಹೆಂಡತಿಯದು ಸಂತೆಯ ಹೆದರಿಕೆ. ಹಗ್ಗ ಕಿತ್ತುಕೊಂಡ ಎತ್ತೊಂದು ಸಂತೆಯಲ್ಲಿ ನುಗ್ಗಿದಾಗ ಅವಳು ಉಳ್ಳಾಗಡ್ಡಿಯ ರಾಶಿ ಹತ್ತಿ ನಿಂತಿದ್ದಳು. ಹೇಳುವಾಗಲೆಲ್ಲ ಮೊಣಕೈಯ ಕಲೆಯನ್ನು ತೋರಿಸುತ್ತಾಳೆ. ಹೆಂಗಸರು ಒಬ್ಬರ ಸೀರೆ ಇನ್ನೊಬ್ಬರು ಉಟ್ಟಾರು, ಒಬ್ಬರ ಹೆದರಿಕೆಯನ್ನು ಇನ್ನೊಬ್ಬರು ಹೇಳುವುದಿಲ್ಲ. ಹೇಳಿದರೆ ಜಗಳ.

ನನ್ನ ಸಂಸಾರವೋ ಮೂಡಲಗಿಯಲ್ಲಿ, ಹೊಳೆಯಿಂದ ದೂರ. ನಾನು ಸಂತೆಗೆ ಹೋದ ದಿನ ಎತ್ತುಗಳೆಲ್ಲ ಶಾಂತವಾಗಿ ಮೆಲುಕು ಹಾಕುತ್ತಿರುತ್ತವೆ. ಶಿವ ನನ್ನನ್ನು ಇಷ್ಟು ಸುರಳೀತ ಇಟ್ಟಿದ್ದಕ್ಕೆ ಕೈ ಮುಗಿಯಬೇಕು, ಮುಗಿಯುತ್ತೇನೆ ಕೂಡ. ಆದರೂ ಹತ್ತು ಜನರ ನಡುವೆ ಹೇಳಲು ಏನೂ ಇಲ್ಲದೆ ಕೂರುವುದು, ಬೀಗರ ಮನೆಗೆ ಬರಿಗೈಯಲ್ಲಿ ಹೋದ ಹಾಗೆ.

ಆ ಕೊರತೆಯನ್ನು ಶಿವ ಹೋದ ವರ್ಷ ತುಂಬಿಕೊಟ್ಟ.

ಅದನ್ನು ಹೇಳುವ ಮೊದಲು ನಮ್ಮ ಮನೆಯ ಬೆಳಗು ಹೇಗಿರುತ್ತದೆ ಎಂಬುದನ್ನು ಹೇಳಬೇಕು. ನಮ್ಮ ಅತ್ತೆಯ ತವರು ತುಕ್ಕಾನಟ್ಟಿ. ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಬಾಯಿಗೆ ಹಾಕದ ಮನೆತನ. ಅವರಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟು, ಸೂಜಿ ಚುಚ್ಚಿಕೊಂಡ ಅರ್ಧ ತಾಸಿಗೆ ಊಟ ಮಾಡಲೇಬೇಕು, ಇಲ್ಲದಿದ್ದರೆ ಸಕ್ಕರೆ ಪೂರ್ತಿ ಇಳಿದು ಜೀವಕ್ಕೇ ಅಪಾಯ ಎಂದರು. ಅತ್ತೆಯ ಪೂಜೆಗೂ ಸರಿಯಾಗಿ ಅರ್ಧ ತಾಸು ಹಿಡಿಯುತ್ತಿತ್ತು. ಎರಡನ್ನೂ ಜೋಡಿಸಿದೆವು. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕುಳಿತ ಕೂಡಲೇ ನಾನು ಸೂಜಿ ಹಾಕುವುದು, ಅವರು ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಳ್ಳುವುದು, ಪೂಜೆ ಮುಗಿಯುವ ಹೊತ್ತಿಗೆ ಹಂಚಿನಿಂದ ಬಿಸಿ ರೊಟ್ಟಿ ಇಳಿಯುವುದು. ದೇವರು, ಡಾಕ್ಟರು, ರೊಟ್ಟಿ, ಮೂರೂ ಒಂದೇ ಗಡಿಯಾರಕ್ಕೆ ಒಪ್ಪಿಕೊಂಡಿದ್ದವು. ಈ ಏರ್ಪಾಡಿನ ಬಗ್ಗೆ ನನಗೆ ಒಳಗೊಳಗೇ ಸಣ್ಣ ಗರ್ವವೂ ಇತ್ತು.

ಅವತ್ತು ಸೂಜಿ ಹಾಕಿ ಒಲೆಯ ಮುಂದೆ ಕುಳಿತು ಹಿಟ್ಟಿಗೆ ನೀರು ಹಾಕಿದ್ದೆ ಅಷ್ಟೆ. ಅತ್ತೆ ಕರೆದರು.

"ಗೌರಾ, ಲಿಂಗಯ್ಯ ಇಲ್ಲ."

"ಎಲ್ಲಿ ಇಲ್ರಿ?"

"ಎಲ್ಲಿ ಇಲ್ಲಂದ್ರ? ಕರಡಗಿ ಖಾಲಿ ಐತಿ, ಬಾ ಇಲ್ಲಿ."

ಹೋಗಿ ನೋಡಿದರೆ ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡು ಅವರ ಅಂಗೈಯಲ್ಲಿತ್ತು. ಒಳಗೆ ಲಿಂಗಕ್ಕೆ ಸುತ್ತುವ ಬಿಳಿ ಅರಿವೆ ಮಾತ್ರ ಇತ್ತು. ಹಿಂದಿನ ದಿನ ಮಧ್ಯಾಹ್ನ ಅತ್ತೆ ಹಳೆಯ ಅರಿವೆ ತೆಗೆದು ಒಗೆದ ಅರಿವೆ ಹಾಕಿದ್ದರಂತೆ. ಲಿಂಗ ಸುತ್ತಿದ್ದೇನೆ ಎಂದುಕೊಂಡು ಬರೀ ಅರಿವೆಯನ್ನು ಮಡಚಿಟ್ಟಿದ್ದರು. ಸಂಜೆ ಆ ಖಾಲಿ ಕರಡಿಗೆಯನ್ನೇ ಕಣ್ಣಿಗೆ ಒತ್ತಿಕೊಂಡು ಕೈ ಮುಗಿದಿದ್ದರು.

ಹುಡುಕಿದೆ. ಹಾಸಿಗೆ ಝಾಡಿಸಿದೆ, ಕೌದಿ ಝಾಡಿಸಿದೆ. ಬಚ್ಚಲಿನ ಮೋರಿಗೆ ಕೈ ಹಾಕಿದೆ. ಪತ್ರಿ ಗಿಡದ ಬುಡದಲ್ಲಿ ಹಾಕಿದ್ದ ಬಾಡಿದ ಹೂವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಏನೂ ಅರಿಯದ ಬೆಕ್ಕನ್ನು ಬೈದೆ. ಅಷ್ಟರಲ್ಲಿ ಗಡಿಯಾರ ಕಣ್ಣಿಗೆ ಬಿತ್ತು. ಅರ್ಧ ತಾಸು ದಾಟಿ ಬಹಳ ಹೊತ್ತಾಗಿತ್ತು.

"ಅತ್ತಿ, ಸೂಜಿ ಹಾಕೇನ್ರಿ. ಮೊದಲ ಒಂದ್ ತುತ್ತು ತಿನ್ರಿ, ಆಮ್ಯಾಲೆ ಹುಡುಕೂಣು."

"ಲಿಂಗ ಕಳಕೊಂಡು ತಿನ್ನಾಕಿ ಅಲ್ಲ ನಾ."

"ಜೀವಕ್ಕ ಬರತೈತಿ ಅಂದಾರ್ರಿ ಡಾಕ್ಟರು."

"ಬರಲಿ. ಡಾಕ್ಟರ್ ಮೊನ್ನಿ ಹೇಳ್ಯಾನ. ನಮ್ಮವ್ವ ಅದಕ್ಕಿಂತ ಮದಲ ಹೇಳ್ಯಾಳ."

ಯಜಮಾನರು ಕಚೇರಿಯ ಕೆಲಸಕ್ಕೆ ಹುಕ್ಕೇರಿಗೆ ಹೋಗಿದ್ದರು. ಫೋನು ಹಚ್ಚಿ ಅತ್ತೆಯ ಕಿವಿಗೆ ಹಿಡಿದೆ. ಮಗ ಆ ಕಡೆಯಿಂದ ಏನು ಬೇಡಿಕೊಂಡರೋ ಗೊತ್ತಿಲ್ಲ. "ಅಲ್ಲಿಂದ ಹುಡುಕಿ ಕೊಡ್ತಿ ಏನ? ಇಡು ಫೋನು," ಎಂದು ಇವರೇ ಮುಗಿಸಿದರು.

ಅಂದು ಶಾಲೆಗೆ ರಜೆಯಿದ್ದದ್ದನ್ನು ನಾನು ಶಿವನ ಉಪಕಾರಗಳಲ್ಲಿ ಸೇರಿಸುತ್ತೇನೆ. ಪಕ್ಕದ ಮನೆಯ ಸುಶೀಲಾ ಅಕ್ಕೋರು ಮನೆಯಲ್ಲಿದ್ದರು. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಾರೆ. ಅವರ ಪಡಸಾಲೆಯಲ್ಲಿ ಬುದ್ಧನ ಫೋಟೋ ಇದೆ, ನಮ್ಮ ಪಡಸಾಲೆಯಲ್ಲಿ ಬಸವಣ್ಣನ ಫೋಟೋ ಇದೆ. ಎರಡೂ ಮನೆಗಳ ನಡುವೆ ಮೆಣಸಿನಕಾಯಿ ಒಣಹಾಕುವ ಒಂದೇ ಕಟ್ಟೆ. ನನ್ನ ಕೂಗು ಕೇಳಿ ಕೈಯಲ್ಲಿನ ಸೌಟು ಸಮೇತ ಬಂದರು. ಬಂದವರು ಅತ್ತೆಯ ಮುಖ ನೋಡಿ ಸೌಟನ್ನು ಕೆಳಗಿಟ್ಟರು. ಅತ್ತೆಯ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಕೈ ನಡುಗುತ್ತಿತ್ತು.

"ಅಜ್ಜೀ, ಬಾಯಿಲೆ ಏನೂ ತಗೋಬ್ಯಾಡ್ರಿ. ದವಾಖಾನಿಗೆ ಹೋಗೂಣು, ಗ್ಲುಕೋಸ್ ಕೈಗೆ ಹಚ್ತಾರ. ಅದು ಊಟ ಅಲ್ಲ," ಅಂದರು ಅಕ್ಕೋರು.

"ಕೈಲೆ ಹೋದ್ರೇನು, ಬಾಯಿಲೆ ಹೋದ್ರೇನು, ಒಳಗ ಹೋಗೂದು ಹೋಗೂದ. ಸಾಲಿ ಕಲಸಾಕಿ ಆಗಿ ನನಗ ಮೋಸ ಮಾಡ್ತಿ?"

ನಾಲಿಗೆ ತೊದಲುತ್ತಿತ್ತು, ವಾದ ಮಾತ್ರ ಸರಿಯಾಗಿತ್ತು. ನಮ್ಮತ್ತೆ ಹಾಗೇ. ಯಮ ಹೊಸ್ತಿಲಲ್ಲಿ ನಿಂತರೂ ಮೊದಲು ಅವನ ಕಾಲು ತೊಳೆಸಿ, ಆಮೇಲೆ ಅವನ ತಪ್ಪು ಹುಡುಕುವವರು.

ನನ್ನ ಕೈಯಲ್ಲಿ ಸಕ್ಕರೆ ಡಬ್ಬಿ ಇತ್ತು. ಬಾಯಿ ತೆರೆಸಿ ಸುರಿಯಬಹುದಿತ್ತು, ಅವರಲ್ಲಿ ತಡೆಯುವ ಶಕ್ತಿ ಉಳಿದಿರಲಿಲ್ಲ. ಆದರೆ ನಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಆಯುಷ್ಯವಿಡೀ ಕಾದುಕೊಂಡು ಬಂದ ಒಂದು ನೇಮವನ್ನು ಸೊಸೆಯ ಕೈ ಒಂದು ಚಮಚ ಸಕ್ಕರೆಯಿಂದ ಮುರಿದರೆ, ಉಳಿದ ಜೀವದಿಂದ ಅವರು ಏನು ಮಾಡಿಕೊಳ್ಳಬೇಕು? ಮುರಿಯದೆ ಕುಳಿತು ಅವರು ಹೋಗಿಬಿಟ್ಟರೆ, ನಾನು ಏನು ಮಾಡಿಕೊಳ್ಳಬೇಕು? ಅವರ ಕಣ್ಣು ಮೇಲೆ ಹೋದರೆ ಸುರಿದೇಬಿಡುತ್ತೇನೆ ಎಂದು ಶಿವನಿಗೆ ಹೇಳಿದೆ. ಅಪ್ಪಣೆ ಕೇಳಲಿಲ್ಲ. ತಿಳಿಸಿದೆ, ಅಷ್ಟೆ.

ಅಕ್ಕೋರು ಟಂಟಂ ಆಟೋದವನಿಗೆ ಫೋನು ಮಾಡಿ, ಅತ್ತೆಗೆ ಉಸಿರಾಡಲು ಸಡಿಲವಾಗಲಿ ಎಂದು ಸೊಂಟದ ಸೀರೆಯ ಗಂಟು ಬಿಚ್ಚಿದರು. ಅಲ್ಲಿ ಸಿಕ್ಕಿಸಿಕೊಂಡಿದ್ದ ಚಂಚಿ ಕೆಳಗೆ ಬಿತ್ತು. ಚಂಚಿ ಅಂದರೆ ಎಲೆ, ಅಡಿಕೆ, ಸುಣ್ಣಕ್ಕೆ ಬೇರೆ ಬೇರೆ ಖಾನೆಗಳಿರುವ ಅರಿವೆಯ ಚೀಲ. ನಮ್ಮ ಕಡೆಯ ಮುದುಕಿಯರು ಅದನ್ನು ಸೊಂಟದಿಂದ ಅಗಲಿಸುವುದಿಲ್ಲ. ಬಿದ್ದ ಚಂಚಿ ನೆಲಕ್ಕೆ ಟಕ್ ಅಂತ ಬಡಿಯಿತು.

"ಇಷ್ಟ್ ದೊಡ್ಡ ಅಡಕಿ ಎಲ್ಲಿ ಸಿಗತೈತ್ರಿ ಅಜ್ಜಿ?" ಎಂದು ಅಕ್ಕೋರು ಚಂಚಿಯನ್ನು ಮುಟ್ಟಿ ನೋಡಿ, ಹಿಂದಿನ ಖಾನೆಗೆ ಬೆರಳು ಹಾಕಿದರು. ಹಾಕಿದ ಬೆರಳು ಅಲ್ಲೇ ನಿಂತಿತು. ಅದು ತಂಬಾಕಿನ ಖಾನೆ. ಡಾಕ್ಟರು ತಂಬಾಕು ಬಿಡಿಸಿದ ಮೇಲೆ ಅತ್ತೆ ಆ ಖಾನೆಗೆ ಕೈ ಹಾಕುತ್ತಲೇ ಇರಲಿಲ್ಲ. ಅರಿವೆ ಬದಲಿಸುವಾಗ ಉಡಿಯಲ್ಲಿ ಚಂಚಿಯೂ ಬಿಚ್ಚಿಕೊಂಡು ಬಿದ್ದಿತ್ತು, ಅವರಿಗೆ ಕಣ್ಣು ಮಂಜು. ಉಡಿಯಲ್ಲಿದ್ದ ಲಿಂಗ ಜಾರಿ, ಬರಿದಾಗಿದ್ದ ಆ ಜಾಗದಲ್ಲಿ ಹೋಗಿ ಕುಳಿತುಬಿಟ್ಟಿತ್ತು.

ಅಕ್ಕೋರು ಕೈ ಹಿಂದಕ್ಕೆ ತೆಗೆದುಕೊಂಡರು. "ಗೌರಕ್ಕಾ, ನೀವ ತಗೀರಿ. ನಾ ಮುಟ್ಟೂದು ಬ್ಯಾಡ."

ಅತ್ತೆ ಕಣ್ಣು ತೆರೆದು ಅಂಗೈ ಚಾಚಿದರು. "ಮುಟ್ಟೂದು ಮುಟ್ಟಿದಿ, ಇನ್ನ ಕೊಡಾಕ ಏನು? ಇಡವ್ವಾ ಕೈಯಾಗ, ನಡುಗಾಕತ್ತೈತಿ. ಗಟ್ಟಿ ಹಿಡಿ."

ಅಕ್ಕೋರು ಒಂದು ಕೈಯಿಂದ ಅವರ ಅಂಗೈ ಹಿಡಿದು ಇನ್ನೊಂದು ಕೈಯಿಂದ ಲಿಂಗ ಇಟ್ಟರು.

ಲಿಂಗ ಸಿಕ್ಕಿತು, ಸರಿ. ಆದರೆ ಪೂಜೆ? ಅದಕ್ಕೆ ಅರ್ಧ ತಾಸು. ನಾನು ಮತ್ತೆ ಗಡಿಯಾರ ನೋಡಿದೆ. ಅತ್ತೆ ಲಿಂಗದ ಮೇಲೆ ನಾಲ್ಕು ಹನಿ ನೀರು ಬಿಟ್ಟರು, ಒಂದು ಪತ್ರಿ ಏರಿಸಿದರು, ಕಣ್ಣು ಮುಚ್ಚಿ ತೆರೆದರು. "ಬೆಲ್ಲ ತಾ," ಎಂದರು. ಬೆಲ್ಲದ ಹರಳನ್ನು ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡರು. ಅವರ ಜೀವಮಾನದಲ್ಲೇ ಅಷ್ಟು ಚಿಕ್ಕ ಪೂಜೆ ಆಗಿರಲಿಲ್ಲ. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ, "ನಿನ್ನಿಯಿಂದ ಅವನೂ ಉಪಾಸ ಅದಾನ. ಅವನಿಗೂ ಅವಸರ ಐತಿ," ಎಂದರು. ಬೆಲ್ಲದ ಮೇಲೆ ಬೆಲ್ಲ, ಅದರ ಮೇಲೆ ಹಾಲು. ಟಂಟಂ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯುವ ಹೊತ್ತಿಗೆ ಮುಖಕ್ಕೆ ಕಳೆ ಬಂದಿತ್ತು. ಆದರೂ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆವು. ಲಿಂಗ ಚಂಚಿಯಲ್ಲಿದ್ದರೂ ತನ್ನ ಮೈಮೇಲೇ ಇತ್ತಲ್ಲ, ಎದೆಯಿಂದ ಸೊಂಟಕ್ಕೆ ಇಳಿದಿತ್ತು ಅಷ್ಟೆ, ಅಗಲಿರಲಿಲ್ಲ ಎಂದು ದಾರಿಯುದ್ದಕ್ಕೂ ಅಕ್ಕೋರಿಗೆ ತಿಳಿಸಿ ಹೇಳಿದರು. ಅಕ್ಕೋರು ಶಾಲೆಯ ಮಕ್ಕಳಂತೆ ತಲೆ ಆಡಿಸಿದರು.

ಇಷ್ಟರಲ್ಲಿ ನಾನು ಹೆದರಿದ್ದು ಯಾವಾಗ ಎಂದು ಕೇಳಿ. ಆಗ ಅಲ್ಲ. ಆಗ ಕೈಗೆ ಕೆಲಸವಿತ್ತು. ಹೆದರಿಕೆ ಬಂದದ್ದು ಮಧ್ಯಾಹ್ನ, ಬೆಲ್ಲ ಅಂಟಿದ ಬಟ್ಟಲು ತಿಕ್ಕುವಾಗ. ಊರೆಲ್ಲ ಉಂಡೆದ್ದ ಮೇಲೆ ಬರುವ ಬೀಗರ ಹಾಗೆ ಅದು ತಡವಾಗಿ, ಆದರೆ ಪೂರ್ತಿ ಪರಿವಾರದ ಸಮೇತ ಬಂತು. ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮಹಾದೇವಿಯ ನೀರು ಏಕೆ ವರ್ಷ ವರ್ಷ ಏರುತ್ತದೆ ಎಂಬುದು ನನಗೆ ಅಲ್ಲಿ ಗೊತ್ತಾಯಿತು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಮಾಳಿಗೆ ಹತ್ತುವಾಗ ಅಳೆಯಲು ಪುರಸೊತ್ತಿರಲಿಲ್ಲ, ಈಗ ಅಳೆಯುತ್ತಿದ್ದಾಳೆ.

ಮುಂದೆ ಗೋಕಾಕದಲ್ಲಿ ಅವಳ ಬಸುರಿ ಮಗಳ ಕುಬಸ ಬಂತು. ಕಣಕ ನಾದುತ್ತ ಮಾತು ತನ್ನ ದಾರಿಗೆ ಬಂದು ನಿಂತಿತು. ಮಹಾದೇವಿ ಕೊರಳ ಮಟ್ಟದ ನೀರಿನಲ್ಲಿ ಭರಣಿ ಎತ್ತಿ ಹಿಡಿದು ತೋರಿಸಿ, "ನಮ್ಮ ವೈನಿದು ಏನೂ ಇಲ್ಲೇಳ್ರಿ, ಪುಣ್ಯವಂತಿ," ಎಂದು ನನ್ನ ಕಡೆ ನೋಡಿದಳು. ನಾನು ಈ ಸಲ ಒಲೆಯ ಕಡೆ ಹೋಗಲಿಲ್ಲ. ಹೇಳಿದೆ. ತಂಬಾಕಿನ ಖಾನೆಯ ತನಕ ಎಲ್ಲರೂ ಲಟ್ಟಣಿಗೆ ನಿಲ್ಲಿಸಿ ಕೇಳಿದರು. ಅಲ್ಲಿಗೆ ಬಂದ ಕೂಡಲೇ ನಗೆ ಒಡೆದುಕೊಂಡಿತು. ಒಬ್ಬಾಕೆ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ನನ್ನ ಹೆದರಿಕೆ ಸಾಲಿನಲ್ಲಿ ನಿಲ್ಲಲೇ ಇಲ್ಲ, ನಗೆಯ ಕಥೆಯಾಗಿ ಹೋಯಿತು. ಮಹಾದೇವಿ ಒಬ್ಬಳೇ ನಗಲಿಲ್ಲ.

"ಅವ್ವಾ, ಇಷ್ಟಾದ್ರೂ ನನಗೊಂದ್ ಮಾತು ಹೇಳಲಿಲ್ಲಲಾ?"

ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಹೇಳಿದ್ರ ನಿನ್ನ ನೀರು ಇಳೀತಿತ್ತು."

ಈಗ ನಮ್ಮ ಮನೆಯ ಬೆಳಗಿನ ಏರ್ಪಾಡು ಸ್ವಲ್ಪ ಬದಲಾಗಿದೆ. ಅತ್ತೆ ಮಣೆಯ ಮೇಲೆ ಕುಳಿತು ಮೊದಲು ಕರಡಿಗೆ ಬಿಚ್ಚುತ್ತಾರೆ. ನಾನು ಸೂಜಿ ಹಿಡಿದು ಪಕ್ಕದಲ್ಲಿ ಕಾಯುತ್ತೇನೆ. ಅವರು ಅರಿವೆ ಬಿಡಿಸಿ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿಯುತ್ತಾರೆ.

"ಅದಾನ," ಎನ್ನುತ್ತಾರೆ.

ಆಮೇಲೆ ನಾನು ಸೂಜಿಯ ಮುಚ್ಚಳ ತೆಗೆಯುತ್ತೇನೆ.