ಎರಡು ವಿರಹದ ಲೆಕ್ಕ

ವಿರೂಪಾಕ್ಷಪ್ಪ ಸರ್‌ಗೆ ಗಣಿತ ಬರುತ್ತಿರಲಿಲ್ಲ, ಕಾವ್ಯವೂ ಬರುತ್ತಿರಲಿಲ್ಲ; ಅವೆರಡರ ಸಂಬಂಧ ಮಾತ್ರ ಬರುತ್ತಿತ್ತು. ಅದೊಂದರ ಮೇಲೆಯೇ ರೋಣ, ನರಗುಂದ, ಗಜೇಂದ್ರಗಡದ ಕವಿಗೋಷ್ಠಿಗಳಲ್ಲೆಲ್ಲ ಶಾಲು ಹೊದಿಸಿಕೊಂಡರು. ಪಿಯುಸಿಯಲ್ಲಿ ನಮಗೆ ಗಣಿತ ಕಲಿಸುವುದು ಅವರ ಸಂಬಳದ ಕೆಲಸ.

"ಸೊನ್ನಿ ಅಂದ್ರ ಏನು? ಪ್ರೇಮಿಯ ಖಾಲಿ ಎದಿ," ಎಂದು ಬೋರ್ಡಿನ ಮುಂದೆ ಕಣ್ಣು ಮುಚ್ಚುತ್ತಿದ್ದರು. ತೆರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಛಂದಸ್ಸಿನ ಲಘು ಗುರುಗಳಲ್ಲಿ ನಿಜವಾದ ಗಣಿತವೇ ಇದೆ. ಆದರೆ ಅದಕ್ಕೆ ಎಣಿಸಬೇಕು. ಆ ಕಷ್ಟ ಅವರಿಗೆ ಬೇಡವಾಗಿತ್ತು.

ಒಮ್ಮೆ ನಾನು ಎದ್ದು ನಿಂತು, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಏಕೆ ಆಗುತ್ತದೆ ಎಂದು ಕೇಳಿದೆ. ನಾನು ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆಯವಳು. ಒಂದು ಎಳೆ ಎತ್ತ ಹೋಯಿತೆಂದು ತಿಳಿಯದೆ ನಮ್ಮಲ್ಲಿ ಇನ್ನೊಂದು ಹಾಕುವುದಿಲ್ಲ.

"ಎರಡು ವಿರಹ ಕೂಡಿದ್ರ ಮಿಲನ ಆಗತೈತಿ, ಹೌದಿಲ್ಲೋ?" ಎಂದರು. ಕ್ಲಾಸು ಚಪ್ಪಾಳೆ ತಟ್ಟಿತು.

"ಸರ್, ಅದು ಕೂಡಿಸೂದಾತು. ನಾ ಕೇಳಿದ್ದು ಗುಣಿಸೂದು."

"ರಸ ಇಲ್ಲದ ಹುಡುಗಿ. ಕುಂದ್ರು."

ವರ್ಷವಿಡೀ ಅದೇ ನನ್ನ ಹೆಸರಾಯಿತು. ಗಣಿತ ನನಗಲ್ಲವೆಂದು ಬಿಟ್ಟೇಬಿಡುವವಳಿದ್ದೆ, ಸಿಟ್ಟು ತಡೆಯಿತು. ಅದೇ ಸಿಟ್ಟಿನಲ್ಲಿ ಎಮ್ಮೆಸ್ಸಿ ಮುಗಿಸಿ ಈಗ ಅಸೂಟಿಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಇದಕ್ಕಾಗಿ ಅವರನ್ನು ನೆನೆಯಬೇಕೆಂದು ಕೆಲವರು ಬುದ್ಧಿ ಹೇಳುತ್ತಾರೆ. ಹಲ್ಲು ಉದುರಿಸಿದವನನ್ನು ಹಲ್ಲಿನ ಡಾಕ್ಟರ್ ನೆನೆಯಲಿ, ನಾನೇಕೆ?

ಅವರು ತೀರಿಕೊಳ್ಳುವ ಮೊದಲು ಕೊನೆಯ ಸಲ ಸಿಕ್ಕಿದ್ದು ರೋಣದ ಬಸ್ ನಿಲ್ದಾಣದಲ್ಲಿ. ಹೆಗಲ ಮೇಲೆ ಶಾಲು. ನರಗುಂದದ ಗೋಷ್ಠಿಗೆ ಅವರೇ ಅಧ್ಯಕ್ಷರು. ಇನ್ನೊಂದು ವಿರಹ ಕೇಳಲು ಹಲ್ಲು ಕಚ್ಚಿ ನಿಂತೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಅದು ಪ್ಲಸ್ ಯಾಕ ಆಗತೈತವಾ? ನನಗೂ ಯಾರೂ ಹೇಳಿಲ್ಲ."

ಗೊತ್ತಿಲ್ಲವೆಂದು ಅಂದೇ ಹೇಳಿದ್ದರೆ ಇಬ್ಬರೂ ಕೂಡಿ ಹುಡುಕಬಹುದಿತ್ತು. ಅಷ್ಟರಲ್ಲಿ ನರಗುಂದದ ಬಸ್ಸು ಬಂದು ನಿಂತಿತು.

"ಬಸ್ಸಿಗೆ ಬೆನ್ನು ಮಾಡ್ರಿ ಸರ್. ಅದೊಂದು ಮೈನಸ್. ಈಗ ಹಿಂದಹಿಂದಕ್ಕ ಹೆಜ್ಜಿ ಇಡ್ರಿ. ಅದು ಎರಡನೇದು. ಎತ್ತ ಹೊಂಟ್ರಿ?"

ಶಾಲು ಎತ್ತಿ ಹಿಡಿದು ಹಿಂದಕ್ಕೆ ಸರಿದರು. ಬೆನ್ನು ಬಸ್ಸಿಗೆ ತಾಗಿತು.

"ಹತ್ತೂದಿದ್ರ ಮಾರಿ ಈ ಕಡೆ ಮಾಡಿ ಹತ್ರಿ ಅಜ್ಜಾರ," ಎಂದ ಕಂಡಕ್ಟರ್.

"ನೀವು ಹೋಗ್ರಿ," ಎಂದರು ಸರ್.

ಬಸ್ಸು ಹೋಯಿತು. ಅವರು ಮೊದಲಿನ ಜಾಗಕ್ಕೆ ಬಂದು ನಿಂತು, "ಇನ್ನೊಮ್ಮೆ ಹೇಳವಾ," ಎಂದರು.