ತುಂಬಿದ ಕಣಜ

ಶಿಕಾರಿಪುರದಲ್ಲಿ ಬಸ್ಸು ಹತ್ತಿದಾಗಿನಿಂದ ಪ್ರಯೋಗಾಲಯದಿಂದ ತಂದ ಗಾಜಿನ ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಸೆಕೆಗೆ ಒಳಗಿನ ಜೀವಗಳು ಸತ್ತರೆ ಬಂದದ್ದೇ ದಂಡ. ಹೊಸಬಾಳೆಯ ಗಂಗಕ್ಕ ತಮ್ಮ ನೀಲಗಿರಿ ತೋಪಿನ ಬಳಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಹುಳಕ್ಕೆ ಕಣಜ ತರ್ತೀನಿ ಅಂದಿದ್ರಲ್ಲ, ಎಲ್ರೀ ಅದು? ಕಣಜದಷ್ಟು ಔಷಧಿ ಬರ್ತದೆ ಅಂತ ಟ್ರ್ಯಾಕ್ಟರ್ ತರ್ಸೀನಿ!"

ಫೋನಿನಲ್ಲಿ ನಾನು ಹೇಳಿದ್ದು ಹಾರುವ ಕಣಜ. ಅವರಿಗೆ ಕೇಳಿಸಿದ್ದು ಭತ್ತ ತುಂಬುವ ಕಣಜ. ಹಾರುವುದಕ್ಕೆ ಅವರು ಕಡಜ ಅನ್ನುತ್ತಾರೆ. ಕೊಳವೆ ತೋರಿಸಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಎಲೆ ನೋಡಿದಾಗ ನಗು ನಿಂತಿತು. ಹೊರದೇಶದಿಂದ ಬಂದ ಹುಳು ಎಲೆಯ ನರಗಳಲ್ಲೆಲ್ಲ ಗಂಟು ಎಬ್ಬಿಸಿ ಎಳೆ ಗಿಡಗಳನ್ನು ಮುರುಟಿಸಿತ್ತು. ಕೊಳವೆಯ ಮುಚ್ಚಳ ತೆಗೆದೆ; ಕಣಜಗಳು ಒಂದೊಂದಾಗಿ ಹೊರಗೆ ಹಾರಿದವು. ರಾಗಿ ಕಾಳಿಗಿಂತ ಚಿಕ್ಕ ಕಣಜವೊಂದು ಗಂಟಿನ ಮೇಲೆ ಕೂತು, ಮೀಸೆಯಿಂದ ತಟ್ಟಿ ನೋಡಿ, ಕೂದಲಿನಂಥ ಸೂಜಿಯನ್ನು ಒಳಗಿಳಿಸಿಯೇಬಿಟ್ಟಿತು! ಮೊಟ್ಟೆ ಇಡುತ್ತಿತ್ತು. ಅದರ ಮರಿ ಗಂಟಿನೊಳಗಿನ ಹುಳುವನ್ನೇ ತಿಂದು ಬೆಳೆಯುತ್ತದೆ.

"ಎಲ್ಲಾ ಹೋದ್ವಾ?" ಗಂಗಕ್ಕ ಪಿಸುಗುಟ್ಟಿದರು.

"ಪೂರ್ತಿ ಖಾಲಿ!" ನಾನು ಕುಣಿದಾಡುವುದೊಂದೇ ಬಾಕಿ.

"ಥೂ, ಬಿಡ್ತು ಅನ್ರೀ! ಕಣಜ ಖಾಲಿ ಅಂತಾರಾ?" ಗದರಿಯೇಬಿಟ್ಟರು. ಡಬ್ಬಿಯಲ್ಲಿ ಅಕ್ಕಿ ಮುಗಿದರೂ ಅಪಶಕುನವೆಂದು 'ಖಾಲಿ' ಎನ್ನದೆ 'ತುಂಬಿತು' ಎನ್ನುವ ಮನೆಯವರು ಅವರು.

ಬರಿದಾದ ಕೊಳವೆಯನ್ನು ಎತ್ತಿ ಹಿಡಿದು, ತೋಪಿಗೆಲ್ಲ ಕೇಳುವಂತೆ ಕೂಗಿದೆ: "ತುಂಬ್ತು!"