ಬಂಡೆಯ ಮೇಲೆ ಬುತ್ತಿ ಹೊತ್ತು ನಿಂತದ್ದು

ಹರಿಗೋಲಿನಲ್ಲಿ ಕಾಲಿಡುವ ಮೊದಲು ಅದರ ತಳದ ಚರ್ಮವನ್ನು ಬಗ್ಗಿ ನೋಡುವುದು ನನ್ನ ಹಳೆಯ ರೂಢಿ. ನೋಡಿದರೆ ನನಗೇನೂ ತಿಳಿಯುವುದಿಲ್ಲ, ಆದರೂ ನೋಡುತ್ತೇನೆ. ನಾನು ದಡಕ್ಕೆ ಬಂದರೆ ಸಾಕು, "ಸಾವ್ಕಾರ್ರು ಬಂದ್ರು, ಹರಗೋಲು ಮಗಚಿ ತೋರಸ್ರಲೇ" ಎಂದು ಅಂಬಿಗರು ನಗುತ್ತಾರೆ. ಕಂಪ್ಲಿಯಲ್ಲಿ ನನ್ನದೊಂದು ಬೆಲ್ಲದ ಅಂಗಡಿ. ಹೊಳೆಯ ಈಚೆ ದಂಡೆ ಮದರಾಸು ಸರ್ಕಾರದ್ದು, ಆಚೆಯದು ನಿಜಾಮರದು. ಮಗಳನ್ನು ಆಚೆ ದಂಡೆಗೆ ಕೊಟ್ಟಿದ್ದರಿಂದ ಈ ಹೊಳೆಯ ಋಣ ನನಗೆ ತಪ್ಪಲಿಲ್ಲ.

ಆ ಸಲ ಹೋದದ್ದು ಅವಳನ್ನು ಚೊಚ್ಚಲ ಹೆರಿಗೆಗೆ ಕರೆತರಲು. ಏಳು ತಿಂಗಳು ತುಂಬಿತ್ತು. ಬೀಗರು ಕುಬುಸದ ಶಾಸ್ತ್ರ ಮಾಡಿ, ಎರಡು ದೊಡ್ಡ ಬುಟ್ಟಿ ಬುತ್ತಿ ಕಟ್ಟಿ ಕಳಿಸಿದರು. ಒಂದರ ತುಂಬ ಕರಿಗಡುಬು, ಇನ್ನೊಂದರಲ್ಲಿ ಸಜ್ಜಿರೊಟ್ಟಿ, ಚಕ್ಕುಲಿ. ನಮ್ಮ ಮನೆಯ ಪದ್ಧತಿಯಲ್ಲಿ ಬೀಗರ ಬುತ್ತಿ ಅವರ ಹೊಸಿಲು ದಾಟಿದ ಮೇಲೆ ನಮ್ಮ ದೇವರಮನೆ ಸೇರುವ ತನಕ ಎಲ್ಲಿಯೂ ನೆಲ ಮುಟ್ಟಬಾರದು. ಹಾಗಾಗಿ ಹರಿಗೋಲಿನಲ್ಲಿಯೂ ಒಂದು ಬುಟ್ಟಿ ನನ್ನ ಹೆಂಡತಿಯ ತೊಡೆಯ ಮೇಲೆ, ಇನ್ನೊಂದು ನನ್ನ ತೊಡೆಯ ಮೇಲೆ. ಮಗಳು ನಡುವೆ.

ಮಳೆಗಾಲ ಮುಗಿದು ನೀರು ಇಳಿಯುತ್ತಿದ್ದ ದಿನಗಳು. ನಡುಹೊಳೆಯಲ್ಲಿ ಒಂದು ದೊಡ್ಡ ಬಂಡೆ ತಲೆ ಎತ್ತಿತ್ತು. ಅದರ ಸುತ್ತಲಿನವು ಇನ್ನೂ ನೀರಿನಡಿ ಅಡಗಿದ್ದವು. ನಮ್ಮ ಹರಿಗೋಲು ನೆಟ್ಟಗೆ ಹೋಗಿ, ಒಲೆಗುಂಡುಗಳ ಮೇಲೆ ಬಾಣಲೆ ಇಟ್ಟಂತೆ ಅವುಗಳ ಮೇಲೆ ಕೂತುಬಿಟ್ಟಿತು. ಅಂಬಿಗ ಹುಟ್ಟು ಊರಿ ನೂಕಿದ. ಅದು ಮಿಸುಕಲಿಲ್ಲ, ತಳದ ಬಿದಿರು ಮಾತ್ರ ಲಟಕ್ಕೆಂದಿತು. ನೀರು ಒಸರತೊಡಗಿತು. ಅವನ ಕೂಗು ಕೇಳಿ ಕಂಪ್ಲಿಯ ದಡದಿಂದ ಅವನ ಭಾಮೈದ ಇನ್ನೊಂದು ಹರಿಗೋಲು ತಂದ. ಆದರೆ ಹತ್ತಿರ ಬರದೆ, ಬಂಡೆಗಳ ಕೆಳಗೆ ನೀರಿಗೆ ಸೆಳೆತವಿಲ್ಲದ ಕಡೆ ನಿಂತ.

"ಇನ್ನೂ ಹತ್ರ ಬರಾಕ ಹೇಳಪಾ," ಎಂದೆ. "ಮಗಳನ್ನ ಅದರಾಗ ದಾಟಸಣ."

"ಅವ ಬಂದ್ರ ಅವನೂ ಇಲ್ಲೇ ಕುಂದರ್ತಾನ್ರೀ. ಆಮ್ಯಾಲ ಇಬ್ರನ್ನೂ ಎಳಿಯಾಕ ಮತ್ತೊಬ್ಬವ ಬರಬೇಕಾಕೈತಿ."

ಭಾಮೈದ ಹಗ್ಗ ಎಸೆದ. "ಬಿಗಿದು ಕಟ್ಕೋ ಮಾಮಾ, ಈ ತುದಿ ನಾ ನನ್ನ ಹರಗೋಲಿಗೆ ಕಟ್ಕೋತೀನಿ!"

"ಕಟ್ಟಬ್ಯಾಡಲೇ, ಕೈಯಾಗ ಹಿಡಿ! ಮುಳುಗಿದ್ರ ಇಬ್ರೂ ಕೂಡೇ ಹೋಗ್ತೀವಿ. ನಿಮ್ಮಕ್ಕಗ ಸುದ್ದಿ ಯಾರು ಹೇಳಬೇಕು?"

"ನೀ ಹೋದ್ರ ನಮ್ಮಕ್ಕ ನಿಶ್ಚಿಂತಿ ಅಕ್ಕಾಳ ಬಿಡು!"

ಈ ಸರಸದ ನಡುವೆ ಅಂಬಿಗ ನನಗೆ ವಿಷಯ ಬಿಡಿಸಿ ಹೇಳಿದ. ಹರಿಗೋಲಿಗೆ ಹಿಂದಿಲ್ಲ, ಮುಂದಿಲ್ಲ. ಹಗ್ಗ ಕಟ್ಟಿದ ಅಂಚು ಎಳೆದಾಗ ಬಾಗುತ್ತದೆ, ಬಾಗಿದ ಕಡೆಯಿಂದ ನೀರು ನುಗ್ಗುತ್ತದೆ. ಭಾರ ಕಡಿಮೆಯಿದ್ದರೆ ಬಾಗುವುದೂ ಕಡಿಮೆ. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

"ಅದಕ್ಕ ಮೊದಲು ಭಾರ ಇಳೀಬೇಕ್ರಿ. ಬುತ್ತಿ, ಮತ್ತ ನೀವು."

ಪಾಚಿ ಹಿಡಿದ ಬಂಡೆಗೆ ಬಸುರಿಯನ್ನು ಹತ್ತಿಸುವ ಮಾತೇ ಇರಲಿಲ್ಲ. ಅವಳನ್ನು ಬಿಟ್ಟು ಅವಳ ತಾಯಿ ಇಳಿಯಲೊಲ್ಲಳು. ಅದಲ್ಲದೆ, "ಬುತ್ತಿ ಕಲ್ಲಿನ ಮ್ಯಾಲ ಇಡಂಗಿಲ್ಲ" ಎಂದು ಕೂತಳು.

"ಹಂಗಾರ ಹೊಟ್ಟ್ಯಾಗ ಇಳಸ್ರಿ ಯವ್ವಾ, ನಾನೂ ಕೈ ಹಚ್ಚತೀನಿ," ಎಂದ ಅಂಬಿಗ.

"ನೀ ಹುಟ್ಟಿಗೆ ಕೈ ಹಚ್ಚು, ಸಾಕು. ಏನ್ರೀ, ನೀವು ಹೊತ್ಕೊಂಡು ನಿಂದರ್ರಿ."

ಹೀಗೆ ನಾನು ಬಂಡೆಯ ನೆತ್ತಿಗೆ ತೆವಳಿ ಹತ್ತಿ, ಕರಿಗಡುಬಿನ ಬುಟ್ಟಿ ತಲೆಯ ಮೇಲೆ, ಚಕ್ಕುಲಿಯದು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. "ಯಪ್ಪಾ, ಕೆಳಗ ನೋಡಬ್ಯಾಡ," ಎಂದಳು ಮಗಳು. ಅವಳ ಮುಖ ಬಿಳುಚಿತ್ತು, ತುಟಿ ಮಾತ್ರ ನಗುತ್ತಿತ್ತು.

ಭಾಮೈದ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಹರಿಗೋಲು ಕರಕರನೆ ಅರೆದು ಒಮ್ಮೆಲೇ ಬಿಟ್ಟುಕೊಂಡು ಜಿಗಿಯಿತು. ಹಗ್ಗದ ಕಡೆಯ ಅಂಚು ಬಾಗಿ ಒಂದು ಕೊಡದಷ್ಟು ನೀರು ಒಳಗೆ ಸುರಿಯಿತು. ಮಗಳನ್ನು ಹಿಡಿಯಲೆಂದು ನನ್ನ ಹೆಂಡತಿ ಹಾರಿದ್ದೂ ಅದೇ ಕಡೆಗೆ. ಅಂಚು ಇನ್ನೂ ಕೆಳಗಿಳಿಯಿತು.

"ಬಿಡಲೇ! ಬಿಡು!" ಎಂದು ಅಂಬಿಗ ಚೀರಿದ.

ಆ ಅಪ್ಪಣೆಯನ್ನು ಮೊದಲು ಪಾಲಿಸಿದವನು ನಾನು. ತಲೆಯ ಮೇಲಿನ ಬುಟ್ಟಿ ಹೊಳೆ ಸೇರಿತು. ಭಾಮೈದ ಮಾತ್ರ ಬಿಡಲಿಲ್ಲ. ಹಿಡಿತ ಸಿಗಲೆಂದು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದನಂತೆ. ಕೈ ಕೊಡವಿ, ಕೊಡವಿ, ಕೊನೆಗೆ ಬಿಡಿಸಿಕೊಂಡ. ಅಂಚು ಮೇಲೆದ್ದಿತು. ಹರಿಗೋಲು ಗಿರಗಿರನೆ ತಿರುಗುತ್ತ ಕೆಳಗೆ ತೇಲಿತು. ಮಗಳ ಮುಖ ಕಾಣಿಸಿತು, ಆಮೇಲೆ ಬೆನ್ನು, ಮತ್ತೆ ಮುಖ. ಬೆನ್ನು ಕಂಡಾಗೆಲ್ಲ ಮುಖಕ್ಕಾಗಿ ಕಾದೆ. ಸೆಳೆತವಿಲ್ಲದ ನೀರಿಗೆ ಬಂದು ಅದು ನಿಂತಿತು.

ಅವರನ್ನು ದಡ ಮುಟ್ಟಿಸಿದ ಮೇಲೆ ಭಾಮೈದ ನನಗಾಗಿ ಬಂದು, ಬಂಡೆಯ ಮರೆಯಲ್ಲಿ ನಿಂತು ಇಳಿಸಿಕೊಂಡ. ಅವನ ಮುಂಗೈಯ ಚರ್ಮ ಸುಲಿದಿತ್ತು. "ಮಾಮಗ ಹೇಳಬ್ಯಾಡ್ರಿ, ಭಾಳ ಬೈತಾನ," ಎಂದ.

ದಡದಲ್ಲಿ ಹೆಂಡತಿ ನನ್ನ ಕಂಕುಳಿನ ಬುಟ್ಟಿ ತೆಗೆದುಕೊಂಡಳು. "ಇನ್ನೊಂದು?"

ನಾನು ಹೊಳೆಯ ಕಡೆ ನೋಡಿದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಅವಳು ಒದ್ದೆ ಸೆರಗು ಹಿಂಡುತ್ತಿದ್ದ ಮಗಳನ್ನೊಮ್ಮೆ ನೋಡಿ, "ನೆಲಕ್ಕೇನು ಬಿದ್ದಿಲ್ಲಲ್ಲ. ಗಂಗವ್ವನ ಮನಿ ಮುಟ್ಟಿತು. ನಡೀರಿ," ಎಂದಳು.

"ಯಾವುದು ಹೋತು?" ಎಂದು ಮಗಳು ಕೇಳಿದಳು.

"ಕರಿಗಡುಬಿಂದು."

"ಚಕ್ಕುಲಿದು ಬಿಡಬೇಕಿತ್ತು, ಯಪ್ಪಾ."

ಬಾಣಂತನ ಮುಗಿದ ಮೇಲೆ ಇವಳನ್ನು ಕೂಸಿನ ಸಮೇತ ಇದೇ ಹೊಳೆಯಲ್ಲಿ ದಾಟಿಸಬೇಕಲ್ಲ ಎಂಬ ಚಿಂತೆ ಅಷ್ಟರಲ್ಲಾಗಲೇ ನನ್ನ ತಲೆಯೇರಿ ಕುಳಿತಿತ್ತು. ಬುಟ್ಟಿ ಇದ್ದ ಜಾಗ ಹೇಗೂ ಖಾಲಿಯಾಗಿತ್ತು.